ಅಂಬಾಸಿಡರ್ ಮಾಡೆಲ್‌ಗೆ ಪ್ಲಗ್ ವೈರ್ ಹಾಕೋದು ಹೇಗೆ? ಸಾಮಾನು ನಮ್ಮೂರ ಅಂಗಡೀಲಿದೆ, ಲೆಕ್ಕ ಹಳೇ ಗ್ಯಾರೇಜಿನಲ್ಲಿದೆ

ದಾವಣಗೆರೆ: ಅಂಗಡಿಯಿಂದ ತಂದ ಆಟಿಕೆ ಕಾರಿಗೂ, ಅಳತೆ ಪ್ರಕಾರ ಕೂತು ಮಾಡಿದ ಮಾಡೆಲ್ ಕಾರಿಗೂ ಇರೋ ವ್ಯತ್ಯಾಸ ಬಾನೆಟ್ ಎತ್ತಿದಾಗ ಗೊತ್ತಾಗುತ್ತೆ. ಹೊರಗಿನ ಬಣ್ಣ, ಚಕ್ರ, ಹೆಡ್‌ಲೈಟು ಎಲ್ಲ ಚೆನ್ನಾಗೇ ಇರುತ್ತೆ. ಒಳಗೆ ನೋಡಿದರೆ ಎಂಜಿನ್ ಹೆಸರಲ್ಲಿ ಒಂದು ಬೂದು ಬಣ್ಣದ ಪ್ಲಾಸ್ಟಿಕ್ ಮುದ್ದೆ. ಒಂದೇ ಒಂದು ವೈರೂ ಇರಲ್ಲ. ವೈರ್ ಇಲ್ಲದ ಎಂಜಿನ್ ನಿಜವಾದ ಎಂಜಿನ್ ತರ ಕಾಣೋದೇ ಇಲ್ಲ.

ಅದಕ್ಕೆ ವೈರಿಂಗ್ ಹಾಕೋ ಹವ್ಯಾಸ ಬೇರೆ ದೇಶಗಳಲ್ಲಿ ಹಳೇದು. ಅಲ್ಲಿ ಇದಕ್ಕೆಂದೇ ಪ್ಯಾಕೆಟ್ ಸಾಮಾನು ಮಾರುತ್ತಾರೆ. ನಮ್ಮಲ್ಲಿ ಆನ್‌ಲೈನ್‌ನಲ್ಲಿ ತರಿಸಿದರೆ ದುಬಾರಿ. ಆದರೆ ಆ ಪ್ಯಾಕೆಟ್ ಇಲ್ಲದೆಯೂ ಕೆಲಸ ನಡೆಯುತ್ತೆ. ದಾವಣಗೆರೆ, ಹರಿಹರದ ಎಲೆಕ್ಟ್ರಿಕಲ್ ಅಂಗಡಿ ಮತ್ತು ರಿವೈಂಡಿಂಗ್ ಅಂಗಡಿಯಲ್ಲಿ ಕಸಕ್ಕೆ ಹೋಗೋ ತುಂಡು ವೈರೇ ಸಾಕು. ಸಾಮಾನಿಗಿಂತ ಕಷ್ಟವಾದದ್ದು ಇನ್ನೊಂದಿದೆ: ಯಾವ ವೈರ್ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತೆ ಅನ್ನೋ ತಿಳಿವಳಿಕೆ. ಅದು ಇರೋದು ಹಳೇ ಮೆಕ್ಯಾನಿಕ್‌ಗಳ ಹತ್ತಿರ.

ಇಲ್ಲಿ ಉದಾಹರಣೆಗೆ ಅಂಬಾಸಿಡರ್ ಕಾರನ್ನೇ ತೆಗೆದುಕೊಂಡಿದೆ. ಹಳ್ಳಿಯಿಂದ ದಾವಣಗೆರೆ ಆಸ್ಪತ್ರೆಗೆ, ಮದುವೆ ದಿಬ್ಬಣಕ್ಕೆ, ಸರ್ಕಾರಿ ಕಚೇರಿಗೆ ಓಡಾಡಿದ ಕಾರು ಇದು. ನಾಲ್ಕು ಸಿಲಿಂಡರಿನ ಬೇರೆ ಹಳೇ ಪೆಟ್ರೋಲ್ ಕಾರಿಗೂ ಇದೇ ವಿಧಾನ ಬಹುಮಟ್ಟಿಗೆ ನಡೆಯುತ್ತೆ.

ಮೊದಲ ಪ್ರಶ್ನೆ: ಪೆಟ್ರೋಲಾ, ಡೀಸೆಲ್ಲಾ?

ವೈರ್ ಕತ್ತರಿಸೋಕೆ ಮುಂಚೆ ಇದನ್ನು ತೀರ್ಮಾನ ಮಾಡಬೇಕು. ಯಾಕಂದ್ರೆ ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರೋದಿಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತೆ. ಹಾಗಾಗಿ ಪ್ಲಗ್ ವೈರೂ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ. ಟ್ಯಾಕ್ಸಿಯಾಗಿ ಓಡಿದ ಅಂಬಾಸಿಡರ್‌ಗಳಲ್ಲಿ ಬಹಳಷ್ಟು ಡೀಸೆಲ್. ಅಂಥ ಟ್ಯಾಕ್ಸಿಯ ಮಾಡೆಲ್ ಮಾಡಿ, ಚೆಂದ ಕಾಣಲಿ ಅಂತ ನಾಲ್ಕು ಪ್ಲಗ್ ವೈರ್ ಎಳೆದರೆ, ಆ ಕಾರನ್ನು ಓಡಿಸಿದ ಡ್ರೈವರ್ ಒಂದೇ ನೋಟಕ್ಕೆ ನಗುತ್ತಾರೆ.

ಡೀಸೆಲ್ ಗಾಡಿಗೆ ಹಾಕಬೇಕಾದ್ದು ಬೇರೆ. ಪಂಪಿನಿಂದ ನಾಲ್ಕು ಇಂಜೆಕ್ಟರ್‌ಗಳಿಗೆ ಹೋಗುವ ಸಣ್ಣ ಉಕ್ಕಿನ ಪೈಪುಗಳು. ಅವು ರಬ್ಬರ್ ವೈರಿನ ತರ ಜೋಲಾಡೋದಿಲ್ಲ. ಬಗ್ಗಿಸಿದ ಕಡೆ ಮಾತ್ರ ಬಗ್ಗಿ, ಉಳಿದ ಕಡೆ ನೆಟ್ಟಗೆ ನಿಂತಿರುತ್ತವೆ.

ಪೆಟ್ರೋಲ್‌ನಲ್ಲೂ ಎರಡು ಬಗೆ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ. ಬಹುಕಾಲ ಅದರಲ್ಲಿ ಇದ್ದದ್ದು ಬಿಎಂಸಿಯ 1489 ಸಿಸಿ ಎಂಜಿನ್. 1990ರ ದಶಕದಲ್ಲಿ ಇಸುಜು ಕಂಪನಿಯ 1800 ಸಿಸಿ ಎಂಜಿನ್ ಬಂತು. ಅದರ ಜೋಡಣೆಯೇ ಬೇರೆ. ಕೆಳಗೆ ಹೇಳಿರೋದೆಲ್ಲ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ ಲೆಕ್ಕ.

ಬಾನೆಟ್ ಒಳಗೆ ಏನೇನಿದೆ

ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡಿದ ಹಾಗೆ ಅಂದುಕೊಳ್ಳಿ. ಈ ಎಂಜಿನ್ನಿನ ಎಡಗಡೆ ಕಾರ್ಬುರೇಟರ್ ಮತ್ತು ಹೊಗೆ ಹೋಗುವ ಮ್ಯಾನಿಫೋಲ್ಡ್ ಎರಡೂ ಇವೆ. ಬಲಗಡೆ, ಅಂದರೆ ಡ್ರೈವರ್ ಇರೋ ಕಡೆ, ನಾಲ್ಕು ಸ್ಪಾರ್ಕ್ ಪ್ಲಗ್, ಡಿಸ್ಟ್ರಿಬ್ಯೂಟರ್ ಮತ್ತು ಡೈನಮೋ. ಹಾಗಾಗಿ ಪ್ಲಗ್ ವೈರಿನ ಆಟವೆಲ್ಲ ಬಲಗಡೆಯೇ. ಮಾಡೆಲ್‌ನಲ್ಲಿ ಎಡಗಡೆಯ ಮ್ಯಾನಿಫೋಲ್ಡ್ ಮೇಲೆ ಪ್ಲಗ್ ವೈರ್ ಹಾಯಿಸಿದರೆ ಅದು ತಪ್ಪು. ಕೆಂಡದ ಹಾಗೆ ಕಾಯುವ ಜಾಗದಲ್ಲಿ ಯಾರೂ ರಬ್ಬರ್ ವೈರ್ ಎಳೆಯಲ್ಲ.

ಕರೆಂಟ್ ಹೋಗೋ ದಾರಿ ಹೀಗಿದೆ. ಬ್ಯಾಟರಿಯ 12 ವೋಲ್ಟ್ ಕರೆಂಟ್ ಕೀ ಸ್ವಿಚ್ ಮೂಲಕ ಇಗ್ನಿಷನ್ ಕಾಯಿಲ್‌ಗೆ ಬರುತ್ತೆ. ಕಾಯಿಲ್ ಅಂದ್ರೆ ಸಣ್ಣ ಡಬ್ಬಿಯಂಥ ಭಾಗ. ಅದರ ತಲೆಯ ಮೇಲೆ ಪಕ್ಕದಲ್ಲಿ ಎರಡು ಸಣ್ಣ ಟರ್ಮಿನಲ್, ನಡುವೆ ಒಂದು ದಪ್ಪ ವೈರ್ ಕೂರುವ ತೂತು. ಎರಡು ಸಣ್ಣ ವೈರುಗಳಲ್ಲಿ ಒಂದು ಸ್ವಿಚ್ಚಿನಿಂದ ಬಂದದ್ದು. ಇನ್ನೊಂದು ಡಿಸ್ಟ್ರಿಬ್ಯೂಟರಿನ ಪಕ್ಕಕ್ಕೆ, ಒಳಗಿನ ಪಾಯಿಂಟಿಗೆ ಹೋಗುತ್ತೆ. ಪಾಯಿಂಟ್ ತೆರೆದ ಕ್ಷಣ ಕಾಯಿಲ್ ಒಳಗೆ ವೋಲ್ಟೇಜ್ ಸಾವಿರಾರು ವೋಲ್ಟಿಗೆ ಏರುತ್ತೆ. ಅದು ನಡುವಿನ ದಪ್ಪ ವೈರಿನಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮಧ್ಯಕ್ಕೆ ಬರುತ್ತೆ. ಒಳಗೆ ತಿರುಗೋ ರೋಟರ್ ಅದನ್ನು ಸರದಿ ಪ್ರಕಾರ ನಾಲ್ಕು ಪ್ಲಗ್‌ಗಳಿಗೆ ಹಂಚುತ್ತೆ. ಡಿಸ್ಟ್ರಿಬ್ಯೂಟರ್ ಅನ್ನೋ ಹೆಸರು ಬಂದದ್ದೇ ಹಂಚುವ ಕೆಲಸದಿಂದ. ಕೆಲವು ಮೆಕ್ಯಾನಿಕ್‌ಗಳು ಇದನ್ನೇ ಡೆಲ್ಕೋ ಅಂತಾರೆ.

ಮಾಡೆಲ್ ಮಾಡೋರಿಗೆ ಇದರಲ್ಲಿ ಒಂದು ಮುಖ್ಯ ಸಂಗತಿ ಇದೆ. 12 ವೋಲ್ಟಿನ ವೈರ್ ಸಣ್ಣದು. ಸಾವಿರಾರು ವೋಲ್ಟಿನ ವೈರಿಗೆ ಕರೆಂಟ್ ಹೊರಗೆ ಹಾರದಂತೆ ದಪ್ಪ ರಬ್ಬರ್ ಹೊದಿಕೆ ಬೇಕು. ಬ್ಯಾಟರಿ ಕೇಬಲ್ ಇನ್ನೂ ದಪ್ಪ, ಯಾಕಂದ್ರೆ ಸ್ಟಾರ್ಟರ್ ಮೋಟಾರ್ ಎಳೆಯೋ ಕರೆಂಟ್ ಬಹಳ. ಹಾಗಾಗಿ ಮಾಡೆಲ್‌ನಲ್ಲೂ ಕನಿಷ್ಠ ಮೂರು ದಪ್ಪದ ವೈರ್ ಇರಬೇಕು. ಎಲ್ಲ ಕಡೆ ಒಂದೇ ವೈರ್ ಬಳಸಿದರೆ, ಎಷ್ಟೇ ನೀಟಾಗಿ ಮಾಡಿದರೂ ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತೆ.

1-3-4-2: ಈ ನಾಲ್ಕು ಅಂಕಿ ಮರೀಬೇಡಿ

ರೇಡಿಯೇಟರ್ ಕಡೆ ಇರೋದು 1ನೇ ಸಿಲಿಂಡರ್. ಡ್ರೈವರ್ ಕಡೆಗೆ ಬರ್ತಾ 2, 3, 4. ಆದರೆ ಬೆಂಕಿ ಬೀಳೋದು 1, 2, 3, 4 ಅಂತ ಸಾಲಾಗಿ ಅಲ್ಲ. 1, 3, 4, 2 ಅನ್ನೋ ಕ್ರಮದಲ್ಲಿ. ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ನಿಗೂ ಇದೇ ಕ್ರಮ.

ಯಾಕೆ ಹೀಗೆ? ಇಂಥ ಎಂಜಿನ್‌ನಲ್ಲಿ 1 ಮತ್ತು 4ನೇ ಪಿಸ್ಟನ್ ಜೊತೆಗೇ ಮೇಲೆ ಬರ್ತವೆ. ಆಗ 2 ಮತ್ತು 3 ಜೊತೆಗೇ ಕೆಳಗೆ ಇರ್ತವೆ. ಕ್ರ್ಯಾಂಕ್ ಅರ್ಧ ಸುತ್ತು ತಿರುಗಿದಾಗ ಇದು ಅದಲು ಬದಲು. ಪ್ರತಿ ಅರ್ಧ ಸುತ್ತಿಗೆ ಒಂದು ಸಿಲಿಂಡರ್ ಉರಿಯಬೇಕು ಅಂದ್ರೆ 1 ಆದಮೇಲೆ 3 ಅಥವಾ 2ರ ಸರದಿಯೇ ಬರಬೇಕು, 4 ಬರೋಕೆ ಆಗಲ್ಲ. ಈ ಎಂಜಿನ್ನಿನಲ್ಲಿ 3 ಬರುತ್ತೆ.

ಬಿಎಂಸಿ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ರೋಟರ್ ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತೆ. ಆದ್ದರಿಂದ ಕ್ಯಾಪಿನ ಮೇಲೆ 1ನೇ ಪ್ಲಗ್ಗಿನ ವೈರ್ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ, ಗಡಿಯಾರಕ್ಕೆ ಉಲ್ಟಾ ದಿಕ್ಕಿನಲ್ಲಿ 3, 4, 2 ಅಂತ ವೈರ್ ಕೂರಿಸಬೇಕು. ತಾಳೆ ನೋಡೋಕೆ ಸುಲಭದ ದಾರಿ ಒಂದಿದೆ. ಕ್ಯಾಪಿನ ಮೇಲೆ 1ರ ಎದುರಿಗೆ 4 ಇರಬೇಕು, 3ರ ಎದುರಿಗೆ 2 ಇರಬೇಕು. ಹಾಗಿಲ್ಲ ಅಂದ್ರೆ ಎಲ್ಲೋ ವೈರ್ ಅದಲು ಬದಲಾಗಿದೆ. ಅಂಥ ನಿಜವಾದ ಗಾಡಿ ಸ್ಟಾರ್ಟ್ ಆಗಲ್ಲ. ಆದರೂ ಕೆಮ್ಮುತ್ತೆ, ಹಿಂದಕ್ಕೆ ಹೊಡೆಯುತ್ತೆ.

ಮಾಡೆಲ್ ಹೇಗೂ ಓಡಲ್ಲ, ತಪ್ಪಿದ್ರೆ ಏನಾಯ್ತು ಅನ್ನಬಹುದು. ಆದರೆ ವೈರ್ ಹಾಕೋ ಉದ್ದೇಶವೇ ನಿಜವಾದದ್ದನ್ನು ತೋರಿಸೋದು. ಸರಿಯಾಗಿ ಹಾಕೋಕೆ ಹಿಡಿಯೋ ಟೈಮೂ, ತಪ್ಪಾಗಿ ಹಾಕೋಕೆ ಹಿಡಿಯೋ ಟೈಮೂ ಒಂದೇ.

ಅಳತೆ ಲೆಕ್ಕ: ಭಾಗಿಸಿದರೆ ಮುಗೀತು

1:24 ಅಂದ್ರೆ ನಿಜವಾದ ಕಾರಿನ 24ರಲ್ಲಿ ಒಂದು ಪಾಲು. ನಿಜವಾದ ವೈರಿನ ದಪ್ಪವನ್ನು 24ರಿಂದ ಭಾಗಿಸಿದರೆ ಮಾಡೆಲ್ ವೈರಿನ ದಪ್ಪ ಸಿಗುತ್ತೆ. 1:18 ಆದರೆ 18ರಿಂದ, 1:43 ಆದರೆ 43ರಿಂದ.

ಹಳೇ ಕಾರುಗಳ ಪ್ಲಗ್ ವೈರ್ ಸಾಮಾನ್ಯವಾಗಿ 7 ಮಿ.ಮೀ. ದಪ್ಪ. ಲೈಟು, ಹಾರ್ನಿನ ಸಣ್ಣ ವೈರ್ ಹೊದಿಕೆ ಸೇರಿ ಅಂದಾಜು 3 ಮಿ.ಮೀ. ಬ್ಯಾಟರಿ ಕೇಬಲ್ ಅಂದಾಜು 12 ಮಿ.ಮೀ. ಇಟ್ಟುಕೊಂಡರೆ ಲೆಕ್ಕ ಹೀಗೆ ಬರುತ್ತೆ:

1:18 ಮಾಡೆಲ್: ಪ್ಲಗ್ ವೈರ್ 0.39 ಮಿ.ಮೀ., ಸಣ್ಣ ವೈರ್ 0.17 ಮಿ.ಮೀ., ಬ್ಯಾಟರಿ ಕೇಬಲ್ 0.67 ಮಿ.ಮೀ.

1:24 ಮಾಡೆಲ್: ಪ್ಲಗ್ ವೈರ್ 0.29 ಮಿ.ಮೀ., ಸಣ್ಣ ವೈರ್ 0.13 ಮಿ.ಮೀ., ಬ್ಯಾಟರಿ ಕೇಬಲ್ 0.50 ಮಿ.ಮೀ.

1:43 ಮಾಡೆಲ್: ಪ್ಲಗ್ ವೈರ್ 0.16 ಮಿ.ಮೀ., ಸಣ್ಣ ವೈರ್ 0.07 ಮಿ.ಮೀ., ಬ್ಯಾಟರಿ ಕೇಬಲ್ 0.28 ಮಿ.ಮೀ.

1:43ರಲ್ಲಿ ಸಣ್ಣ ವೈರ್ ಅಂದ್ರೆ ತಲೆಕೂದಲಿನಷ್ಟೇ. ಹೊಸಬರು 1:24 ಅಥವಾ 1:18ರಲ್ಲಿ ಶುರು ಮಾಡೋದು ವಾಸಿ.

ಹೆಚ್ಚು ಜನ ಎಡವೋದು ಇಲ್ಲೇ. ಹೊದಿಕೆ ಇರೋ ಸಣ್ಣ ವೈರ್ ಸಿಕ್ಕಿತು ಅಂತ ಹಾಗೇ ಬಳಸ್ತಾರೆ. ಇಂಟರ್‌ನೆಟ್ ಲ್ಯಾನ್ ಕೇಬಲ್ ಒಳಗಿನ ಬಣ್ಣದ ವೈರ್ ಹೊದಿಕೆ ಸೇರಿ ಸುಮಾರು 0.9 ಮಿ.ಮೀ. ಇರುತ್ತೆ. ಕಣ್ಣಿಗೆ ಸಣ್ಣದೇ. ಆದರೆ 1:24 ಮಾಡೆಲ್‌ನಲ್ಲಿ ಅದು ನಿಜವಾದ ಕಾರಿನ ಸುಮಾರು 22 ಮಿ.ಮೀ. ವೈರಿಗೆ ಸಮ. ಅಷ್ಟು ದಪ್ಪದ ಪ್ಲಗ್ ವೈರ್ ಯಾವ ಕಾರಲ್ಲೂ ಇಲ್ಲ. ಎಂಜಿನ್ ಮೇಲೆ ಹಾವು ಮಲಗಿದ ಹಾಗೆ ಕಾಣುತ್ತೆ.

ಯಾವ ಅಂಗಡೀಲಿ ಏನು ಕೇಳಬೇಕು

ಎಲೆಕ್ಟ್ರಿಕಲ್ ಅಂಗಡಿ: ಮನೆ ವೈರಿಂಗಿಗೆ ಬಳಸೋ ಒಂದೂವರೆ ಸ್ಕ್ವೇರ್ ಎಂ.ಎಂ. ವೈರಿನ ಮೇಲೆ ಬಹಳ ಸಲ 22/0.3 ಅಂತ ಬರೆದಿರುತ್ತೆ. ಒಳಗೆ 22 ಎಳೆ ಇವೆ, ಒಂದೊಂದು ಎಳೆ 0.3 ಮಿ.ಮೀ. ಅಂತ ಅದರ ಅರ್ಥ. 1:24ಕ್ಕೆ ಬೇಕಾದ 0.29ಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸ. ಒಂದು ಅಡಿ ತುಂಡಿನಿಂದ ಒಂದೊಂದು ಅಡಿಯ 22 ಎಳೆ ಸಿಗ್ತವೆ. ಒಂದು ಕಾರಿನ ಐದು ದಪ್ಪ ವೈರಿಗೆ ಸೇರಿ ಬೇಕಾಗೋದು ಹತ್ತು ಸೆಂಟಿಮೀಟರ್ ಅಷ್ಟೇ. ಅಂದ್ರೆ ಒಂದಡಿ ವೈರಿನಲ್ಲಿ 60ಕ್ಕೂ ಹೆಚ್ಚು ಕಾರಿಗೆ ಆಗುತ್ತೆ.

ರಿವೈಂಡಿಂಗ್ ಅಂಗಡಿ: ಇಲ್ಲಿ ಸಿಗೋದು ಎನಾಮಲ್ ಲೇಪದ ತಾಮ್ರದ ವೈರ್. ಗೇಜ್ ನಂಬರ್ ಹೇಳಿ ಕೇಳಿ. 1:24ರ ಪ್ಲಗ್ ವೈರಿಗೆ 31 ಗೇಜ್ ಅಂದ್ರೆ 0.295 ಮಿ.ಮೀ. ಸಣ್ಣ ವೈರಿಗೆ 40 ಗೇಜ್, 0.122 ಮಿ.ಮೀ. ಬ್ಯಾಟರಿ ಕೇಬಲ್ಲಿಗೆ 25 ಗೇಜ್, 0.508 ಮಿ.ಮೀ. 1:18ರ ಪ್ಲಗ್ ವೈರಿಗೆ 28 ಗೇಜ್. 1:43ಕ್ಕೆ 38 ಗೇಜ್. ಡೀಸೆಲ್ ಪೈಪಿಗೆ 1:24ರಲ್ಲಿ 33 ಗೇಜ್ ಹೊಂದುತ್ತೆ. ನಂಬರ್ ದೊಡ್ಡದಾದಷ್ಟೂ ವೈರ್ ಸಣ್ಣದು ಅನ್ನೋದು ನೆನಪಿರಲಿ. ಬೋರ್‌ವೆಲ್ ಸಬ್‌ಮರ್ಸಿಬಲ್ ಮೋಟಾರಿನ ವೈರ್ ತರಬೇಡಿ, ಅದಕ್ಕೆ ನೀರು ತಾಗದಂತೆ ಪ್ಲಾಸ್ಟಿಕ್ ಸುತ್ತಿರುತ್ತೆ, ದಪ್ಪ. ಫ್ಯಾನು, ಮಿಕ್ಸಿ ಮೋಟಾರಿನ ತುಂಡು ಕೇಳಿ.

ಲ್ಯಾನ್ ಕೇಬಲ್ ತುಂಡು: ಹೊದಿಕೆ ತೆಗೆದರೆ ಒಳಗಿನ ತಾಮ್ರ ಸುಮಾರು 0.5 ಮಿ.ಮೀ. 1:24ರ ಬ್ಯಾಟರಿ ಕೇಬಲ್ಲಿಗೆ ಸರಿ. ತೆಗೆದ ಸಿಪ್ಪೆಯನ್ನೂ ಎಸೀಬೇಡಿ, ಪ್ಲಗ್ ಕ್ಯಾಪಿಗೆ ಬೇಕು.

ವಾಚ್ ರಿಪೇರಿ ಮತ್ತು ಅಕ್ಕಸಾಲಿಗರ ಸಾಮಾನು ಮಾರೋ ಅಂಗಡಿ: ಮೊನಚು ಚಿಮುಟ, ಕೈಯಲ್ಲಿ ತಿರುಗಿಸೋ ಸಣ್ಣ ಡ್ರಿಲ್. ಜೊತೆಗೆ ಸ್ಟೇಷನರಿ ಅಂಗಡಿಯಿಂದ ಕಪ್ಪು ಮಾರ್ಕರ್, ಹಾರ್ಡ್‌ವೇರ್ ಅಂಗಡಿಯಿಂದ ಎಂ-ಸೀಲ್ ಮತ್ತು ಸಣ್ಣ ಮರಳು ಕಾಗದ.

ವೈರಿನ ದಪ್ಪ ಗೊತ್ತಿಲ್ಲದಿದ್ದರೆ? ಮೈಕ್ರೋಮೀಟರ್ ಇದ್ದರೆ ಸರಿ. 1941ರಲ್ಲಿ ಶುರುವಾಗಿ ಲೇತ್ ಮಷೀನ್ ಮಾಡುತ್ತಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್ ಈಗ ಮುಚ್ಚಿದೆ. ಆದರೆ ಅಲ್ಲಿ ದುಡಿದವರ ಮನೆಗಳಲ್ಲಿ ಮೈಕ್ರೋಮೀಟರ್ ಹಿಡಿಯಲು ಬಲ್ಲ ಕೈಗಳು ಇನ್ನೂ ಇವೆ. ಇಲ್ಲವಾದರೆ ಪೆನ್ಸಿಲ್ ಸಾಕು. ವೈರನ್ನು ಪೆನ್ಸಿಲ್ಲಿಗೆ ಸಂದಿಲ್ಲದಂತೆ 20 ಸುತ್ತು ಸುತ್ತಿ, ಸುತ್ತಿದ ಅಗಲವನ್ನು ಸ್ಕೇಲಿನಲ್ಲಿ ಅಳೆದು 20ರಿಂದ ಭಾಗಿಸಿ. 6 ಮಿ.ಮೀ. ಬಂದರೆ ವೈರ್ 0.3 ಮಿ.ಮೀ.

ಮಾಡೋ ವಿಧಾನ

ಮೊದಲು ನಕ್ಷೆ. ನಿಜವಾದ ಕಾರಿನ ಬಾನೆಟ್ ಎತ್ತಿಸಿ ಮೂರು ಕಡೆಯಿಂದ ಮೊಬೈಲ್‌ನಲ್ಲಿ ಫೋಟೋ ತೆಗೀರಿ. ಆಮೇಲೆ ಹಾಳೆ ಮೇಲೆ ಒಂದೊಂದು ವೈರಿಗೂ ಎರಡೇ ಮಾತು ಬರೀರಿ: ಹೊರಡೋ ಜಾಗ, ಸೇರೋ ಜಾಗ. ಎರಡೂ ಗೊತ್ತಿಲ್ಲದ ವೈರನ್ನು ಮಾಡೆಲ್‌ಗೆ ಹಾಕಬೇಡಿ.

ಆಮೇಲೆ ಡಿಸ್ಟ್ರಿಬ್ಯೂಟರ್. ಮಾಡೆಲ್‌ನಲ್ಲಿ ಚೆನ್ನಾಗಿರೋದು ಇದ್ದರೆ ಕ್ಯಾಪಿಗೆ ಐದು ತೂತು ಕೊರೀಬೇಕು, ಸುತ್ತ ನಾಲ್ಕು, ನಡುವೆ ಒಂದು. ಮೊದಲು ಸೂಜಿಯಿಂದ ಗುರುತು ಮಾಡಿ, ಆಮೇಲೆ ಡ್ರಿಲ್ಲನ್ನು ಬೆರಳಲ್ಲೇ ನಿಧಾನ ತಿರುಗಿಸಿ. ಕರೆಂಟ್ ಡ್ರಿಲ್ ಬೇಡ, 0.3 ಮಿ.ಮೀ. ಬಿಟ್ ಸ್ವಲ್ಪ ವಾಲಿದರೂ ಮುರಿಯುತ್ತೆ.

ಡಿಸ್ಟ್ರಿಬ್ಯೂಟರ್ ಇಲ್ಲದಿದ್ದರೆ ಖಾಲಿ ಬಾಲ್‌ಪೆನ್ ರೀಫಿಲ್ಲಿನಿಂದ ಮಾಡಬಹುದು. ಅದರ ದಪ್ಪ ಸುಮಾರು 3 ಮಿ.ಮೀ., 1:24ಕ್ಕೆ ಹೊಂದುತ್ತೆ. ಒಂದು ತುಂಡು ಕತ್ತರಿಸಿ, ಹೊರಗೆ ಮರಳು ಕಾಗದದಲ್ಲಿ ಉಜ್ಜಿ, ಒಳಗೆ ಎಂ-ಸೀಲ್ ತುಂಬಿ. ಅದು ಗಟ್ಟಿಯಾಗೋಕೆ ಮುಂಚೆ ಸೂಜಿಯಿಂದ ಐದು ತೂತು ಚುಚ್ಚಿ. ಡ್ರಿಲ್ ಖರ್ಚೇ ಇಲ್ಲ. ಕಾಯಿಲ್‌ಗೆ ತೆಂಗಿನ ಪೊರಕೆ ಕಡ್ಡಿಯ ಬುಡದ ತುಂಡು, ಎರಡೂವರೆ ಮಿ.ಮೀ. ದಪ್ಪ, ಐದಾರು ಮಿ.ಮೀ. ಉದ್ದ ಸಾಕು. ಮೇಲೆ ಬೆಳ್ಳಿ ಬಣ್ಣ, ತಲೆಗೆ ಕಪ್ಪು.

ಮೂರನೇದು ವೈರ್ ನೆಟ್ಟಗೆ ಮಾಡೋದು. ಹೊದಿಕೆಯನ್ನು ಬ್ಲೇಡಿನಿಂದ ಸೀಳಿ ತೆಗೀರಿ. ಬೆಂಕಿ ಹಚ್ಚಿ ಸುಡಬೇಡಿ, ಪಿವಿಸಿ ಹೊಗೆ ವಿಷ. ಎಳೆಯ ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದರೆ, ಇಲ್ಲವೇ ಟೈಲ್ಸ್ ಮೇಲಿಟ್ಟು ಸ್ಕೇಲಿನಿಂದ ಉರುಳಿಸಿದರೆ ನೆಟ್ಟಗಾಗುತ್ತೆ.

ನಾಲ್ಕನೇದು ಬಗ್ಗಿಸೋದು. ರಬ್ಬರ್ ವೈರ್ ಎಲ್ಲೂ ಮುರಿದ ಹಾಗೆ ಬಾಗಲ್ಲ, ದುಂಡಗೆ ಇಳಿಯುತ್ತೆ. ಮಾಡೆಲ್ ವೈರನ್ನು ಟೂತ್‌ಪಿಕ್ ಅಥವಾ ದಬ್ಬಳದ ಮೇಲೆ ಬಗ್ಗಿಸಿದರೆ ಅದೇ ದುಂಡು ಬರುತ್ತೆ. ಬಗ್ಗಿಸಿದ ಮೇಲೆ ಬಣ್ಣ ಹಚ್ಚಿ. ಬಣ್ಣ ಹಚ್ಚಿ ಬಗ್ಗಿಸಿದರೆ ಬಿರುಕು ಬಿಡುತ್ತೆ. ಎನಾಮಲ್ ವೈರ್ ಆದರೆ ಮೊದಲು ಮರಳು ಕಾಗದದಲ್ಲಿ ಹಗುರಕ್ಕೆ ಉಜ್ಜಿ, ಇಲ್ಲದಿದ್ರೆ ಬಣ್ಣ ಹಿಡಿಯಲ್ಲ. ಅವಸರಕ್ಕೆ ಕಪ್ಪು ಮಾರ್ಕರ್ ಎರಡು ಸಲ ಎಳೆದರೂ ನಡೀತದೆ.

ಐದನೇದು ಪ್ಲಗ್ ಕ್ಯಾಪ್. ಲ್ಯಾನ್ ಕೇಬಲ್ ವೈರಿನ ಸಿಪ್ಪೆಯಿಂದ ಒಂದೂವರೆ ಮಿ.ಮೀ. ತುಂಡುಗಳನ್ನು ಕತ್ತರಿಸಿ, ವೈರಿನ ತುದಿಗೆ ಪೋಣಿಸಿ, ಕಪ್ಪು ಬಳಿಯಿರಿ. ಪ್ಲಗ್ ಮೇಲೆ ಕೂತ ರಬ್ಬರ್ ಕ್ಯಾಪಿನ ಹಾಗೇ ಕಾಣುತ್ತೆ.

ಆರನೇದು ಜೋಡಣೆ. 4ನೇ ಪ್ಲಗ್ಗಿನಿಂದ, ಅಂದರೆ ಹಿಂದಿನಿಂದ ಶುರು ಮಾಡಿ. ಮುಂದಿನವು ಮೊದಲು ಕೂತರೆ ಹಿಂದಿನದಕ್ಕೆ ಚಿಮುಟ ಹೋಗಲ್ಲ. ಅಂಟಿಗೆ ಅರಾಲ್ಡೈಟ್ ಅಥವಾ ಬಿಳಿ ಫೆವಿಕಾಲ್, ಸೂಜಿ ತುದಿಯಷ್ಟು. ಫೆವಿಕ್ವಿಕ್ ತರದ ಅಂಟಿನ ಆವಿ ಗಾಜಿನ ಭಾಗಗಳ ಮೇಲೆ ಬಿಳಿ ಮಂಜು ಕೂರಿಸುತ್ತೆ, ಅದು ಸುಲಭಕ್ಕೆ ಹೋಗಲ್ಲ.

ಕೊನೆಗೆ ಸಣ್ಣ ವೈರಿನ ಕಟ್ಟು. ಏಳೆಂಟು 40 ಗೇಜ್ ವೈರ್ ಒಟ್ಟಿಗೆ ಸೇರಿಸಿ ಕಪ್ಪು ಬಣ್ಣ ಕೊಟ್ಟು, ಬಾನೆಟ್ಟಿನ ಪಕ್ಕದ ಗೋಡೆಗೆ ತಾಗಿಸಿ ಎಳೀರಿ. ಹೆಡ್‌ಲೈಟು, ಹಾರ್ನು, ಡೈನಮೋ ಬಂದ ಕಡೆ ಒಂದೊಂದೇ ವೈರ್ ಕಟ್ಟಿನಿಂದ ಹೊರಗೆ ಬರಲಿ. ಇನ್ನೂ ಹಳೇ ಮಾಡೆಲ್ ಆದರೆ ಕಟ್ಟಿನ ಮೇಲೆ ಹತ್ತಿ ಹೆಣಿಗೆ ಇರುತ್ತಿತ್ತು. ಅದಕ್ಕೆ ಕಪ್ಪು ಹೊಲಿಗೆ ದಾರ ಸುತ್ತಿದರಾಯ್ತು. ಹತ್ತಿ ಗಿರಣಿಗಳ ಊರಿನಲ್ಲಿ ದಾರಕ್ಕೇನು ಬರ.

ವೈರಿನ ಬಣ್ಣಕ್ಕೂ ಅರ್ಥ ಇದೆ

ಬ್ರಿಟಿಷ್ ಮೂಲದ ಕಾರುಗಳಲ್ಲಿ ಲೂಕಾಸ್ ಬಣ್ಣ ಪದ್ಧತಿ ಇತ್ತು. ಕಂದು ಅಂದ್ರೆ ಬ್ಯಾಟರಿಯಿಂದ ನೇರ, ಕೀ ತೆಗೆದರೂ ಕರೆಂಟ್ ಇರುತ್ತೆ. ಬಿಳಿ ಅಂದ್ರೆ ಕೀ ತಿರುಗಿಸಿದಾಗ ಮಾತ್ರ. ಹಸಿರು, ಕೀ ಆದಮೇಲೆ ಫ್ಯೂಸ್ ದಾಟಿ ಬಂದದ್ದು. ನೀಲಿ ಹೆಡ್‌ಲೈಟು, ಕೆಂಪು ಸೈಡ್ ಲೈಟು, ಕಪ್ಪು ಅರ್ಥ್. ಕಾಯಿಲ್‌ಗೆ ಸ್ವಿಚ್ಚಿನಿಂದ ಬರೋದು ಬಿಳಿ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗೋದು ಬಿಳಿ ಮೇಲೆ ಕಪ್ಪು ಗೆರೆ.

ಕಂಪನಿಯಿಂದ ಬಂದ ಹೊಸ ಕಾರಿನ ಮಾಡೆಲ್ ಆದರೆ ಇದೇ ಬಣ್ಣ. ಆದರೆ ಮೂವತ್ತು ವರ್ಷ ನಮ್ಮ ರಸ್ತೆಯಲ್ಲಿ ಓಡಿದ ಗಾಡಿ ಹಾಗಿರಲ್ಲ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಆ ದಿನ ಯಾವ ಬಣ್ಣದ ವೈರ್ ಇತ್ತೋ ಅದೇ ಬಿದ್ದಿರುತ್ತೆ, ಮೇಲೆ ಟೇಪು. ಒಂದು ನಿರ್ದಿಷ್ಟ ಕಾರಿನ ಮಾಡೆಲ್ ಮಾಡೋದಾದರೆ ಆ ಕೆಂಪು ತೇಪೆ ವೈರನ್ನೂ ಹಾಗೇ ಹಾಕಿ. ಆ ಕಾರಿನ ಗುರುತು ಅದೇ.

ಎಲ್ಲ ಮುಗಿದ ಮೇಲೆ ಬಾನೆಟ್ ಮುಚ್ಚಿ ನೋಡಿ. ವೈರ್ ಎತ್ತರವಾಗಿ ಬಾಗಿದ್ದರೆ ಬಾನೆಟ್ ಕೂರಲ್ಲ. ಅಂಟು ಒಣಗೋಕೆ ಮುಂಚೆಯೇ ಇದನ್ನು ನೋಡಿಕೊಂಡರೆ ಎರಡನೇ ಸಲ ಬಿಚ್ಚೋ ಕೆಲಸ ತಪ್ಪುತ್ತೆ.

ಮಾಡೆಲ್ ಕೊಳ್ಳೋ ಮುಂಚೆ

ಬಾನೆಟ್ ತೆರೆಯುತ್ತಾ ಅಂತ ಅಂಗಡಿಯಲ್ಲೇ ನೋಡಿ. ಕಡಿಮೆ ಬೆಲೆಯ ಎಷ್ಟೋ ಕಾರುಗಳ ಬಾನೆಟ್ ಬಾಡಿಯ ಜೊತೆಗೇ ಅಚ್ಚಾಗಿರುತ್ತೆ. ಜೋಡಿಸೋ ಕಿಟ್ ತರಿಸೋರು ಒಳಗೆ ಎಂಜಿನ್ ಇದೆಯಾ ಅಂತ ಓದಿಕೊಳ್ಳಿ. ಟಾಮಿಯಾದಂಥ ದೊಡ್ಡ ಹೆಸರಿನ 1:24 ಕಿಟ್‌ಗಳಲ್ಲೂ ಬಹಳಷ್ಟಕ್ಕೆ ಎಂಜಿನ್ನೇ ಇರಲ್ಲ. ಲೋಹದ ಡೈಕಾಸ್ಟ್ ಕಾರಿನ ಬಾಡಿ ಸತುವಿನ ಮಿಶ್ರಲೋಹ, ಅದಕ್ಕೆ ಸಣ್ಣ ಬಿಟ್ ಹಾಕಿದರೆ ಬಿಟ್ಟೇ ಹೋಗುತ್ತೆ. ಎಂಜಿನ್ ಭಾಗ ಸಾಮಾನ್ಯವಾಗಿ ಪ್ಲಾಸ್ಟಿಕ್ ಇರೋದರಿಂದ ಅಲ್ಲಿ ತೊಂದರೆ ಇಲ್ಲ. ಮಕ್ಕಳು ಮಾಡೋದಾದರೆ ಬ್ಲೇಡು, ಬಿಸಿ, ಅಂಟು ದೊಡ್ಡವರ ಕೈಯಲ್ಲಿರಲಿ.

ಈಗಲೇ ಯಾಕೆ ಮಾಡಬೇಕು

ಅಂಬಾಸಿಡರ್ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ನಿಂತದ್ದು 2014ರ ಮೇ ತಿಂಗಳಲ್ಲಿ. ಅಂದ್ರೆ ಕಟ್ಟಕಡೆಯ ಕಾರಿಗೂ 2029ಕ್ಕೆ 15 ವರ್ಷ ತುಂಬುತ್ತೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದಲೇ ರದ್ದಾಗುತ್ತಿದೆ. ಕಚೇರಿ ಮುಂದೆ ನಿಲ್ಲುತ್ತಿದ್ದ ಬಿಳಿ ಕಾರುಗಳು ಗುಜರಿಗೆ ಹೋದದ್ದು ಹೀಗೆ. ಖಾಸಗಿ ಕಾರು ಉಳಿಸಿಕೊಳ್ಳೋರು 15 ವರ್ಷದ ನಂತರ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಆ ಖರ್ಚು ಬೇಡ ಅಂತ ಕೊಟ್ಟುಬಿಡೋರೇ ಜಾಸ್ತಿ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲವೂ 2023ರ ಅಕ್ಟೋಬರ್‌ನಲ್ಲಿ ಮುಗೀತು.

ಕಾರಿನ ಜೊತೆಗೆ ಅದನ್ನು ಬಲ್ಲವರೂ ಕಡಿಮೆಯಾಗ್ತಿದ್ದಾರೆ. ಈಗಿನ ಕಾರಿನ ಬಾನೆಟ್ ಎತ್ತಿದರೆ ಕಾಣೋದು ಪ್ಲಾಸ್ಟಿಕ್ ಮುಚ್ಚಳ. ಹಲವು ಹೊಸ ಎಂಜಿನ್ನುಗಳಲ್ಲಿ ಪ್ರತಿ ಪ್ಲಗ್ ಮೇಲೇ ಒಂದೊಂದು ಕಾಯಿಲ್ ಕೂತಿರುತ್ತೆ, ಪ್ಲಗ್ ವೈರ್ ಅನ್ನೋದೇ ಇಲ್ಲ. ಇಂದು ಗ್ಯಾರೇಜ್ ಸೇರುವ ಹುಡುಗ ಪಾಯಿಂಟ್ ಗ್ಯಾಪ್ ಇಡೋದನ್ನು ಕಲಿಯುವ ಅಗತ್ಯ ಬರಲ್ಲ. ಪಿ.ಬಿ. ರಸ್ತೆಯುದ್ದಕ್ಕೂ ಇರೋ ಗ್ಯಾರೇಜುಗಳಲ್ಲಿ ಈ ವಿದ್ಯೆ ಬಲ್ಲವರು ಕೆಲಸ ಬಿಟ್ಟ ಮೇಲೆ, ಯಾವ ವೈರ್ ಯಾವ ಪ್ಲಗ್ಗಿಗೆ ಅಂತ ಕೇಳೋಕೆ ಊರಲ್ಲಿ ಯಾರೂ ಇರಲ್ಲ.

ಹಳೇ ಕಾರು ನೋಡೋಕೆ ಮ್ಯೂಸಿಯಂ ಇಲ್ಲದಿಲ್ಲ. ಧರ್ಮಸ್ಥಳದಲ್ಲಿ ಹಳೇ ಕಾರುಗಳ ಸಂಗ್ರಹ ಇದೆ. ಶ್ರೀರಂಗಪಟ್ಟಣದ ಹತ್ತಿರ 2023ರಲ್ಲಿ ಪಯಣ ಮ್ಯೂಸಿಯಂ ಶುರುವಾಗಿದೆ. ಕಾರಿನ ಅಂದ ನೋಡೋಕೆ ಅವು ಒಳ್ಳೇ ಜಾಗ. ಆದರೆ ಒಂದೊಂದು ವೈರನ್ನೂ ಬೆರಳಿಟ್ಟು ತೋರಿಸಿ ಹೇಳೋರು ಬೇಕು ಅಂದ್ರೆ ಊರ ಗ್ಯಾರೇಜೇ ಸರಿ.

ಮನೆಯಲ್ಲಿ ಅಪ್ಪನೋ ಅಜ್ಜನೋ ಅಂಬಾಸಿಡರ್ ಓಡಿಸಿದ್ದರೆ, ರಿಪೇರಿ ಮಾಡಿದ್ದರೆ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹಾಳೆ ಮೇಲೆ ನಕ್ಷೆ ಬರೆಸಿ. ಅವರ ಕಾರಿನ ಕಾಯಿಲ್ ಎಲ್ಲಿತ್ತು, ಹಾರ್ನ್ ವೈರ್ ಯಾವ ಕಡೆಯಿಂದ ಬರ್ತಿತ್ತು, ಯಾವ ವೈರ್ ಪದೇ ಪದೇ ಕೈ ಕೊಡ್ತಿತ್ತು ಅನ್ನೋದು ಯಾವ ಪುಸ್ತಕದಲ್ಲೂ ಸಿಗಲ್ಲ. ಮಾಡೆಲ್ ಮುಗಿಯೋಕೆ ಎರಡು ಭಾನುವಾರ ಹಿಡಿಯಬಹುದು. ನಕ್ಷೆಗೆ ಒಂದು ಗಂಟೆ ಸಾಕು, ಅದನ್ನು ಮೊದಲು ಮಾಡಿಕೊಳ್ಳಿ.

ಅಂಗಡಿಯವರ ಗಮನಕ್ಕೆ

ಯಾರಾದರೂ ಹುಡುಗರು ಬಂದು 31 ಗೇಜ್, 40 ಗೇಜ್ ವೈರ್ ಒಂದೊಂದು ಮೀಟರ್ ಕೊಡಿ ಅಂದ್ರೆ ತಮಾಷೆ ಅಂದುಕೊಳ್ಳಬೇಡಿ. ರಿವೈಂಡಿಂಗ್ ಅಂಗಡಿಯವರು ಉಳಿದ ತುಂಡುಗಳನ್ನು ಗೇಜ್ ನಂಬರ್ ಚೀಟಿ ಹಚ್ಚಿ ಒಂದು ಡಬ್ಬಿಯಲ್ಲಿ ಹಾಕಿಟ್ಟರೆ ಕೇಳಿದವರಿಗೆ ಕೊಡೋಕೆ ಸುಲಭ. ಗ್ಯಾರೇಜಿನವರು ಹಳೇ ಡಿಸ್ಟ್ರಿಬ್ಯೂಟರ್ ಕ್ಯಾಪ್, ಕಾಯಿಲ್, ಪ್ಲಗ್ ವೈರ್ ಒಂದು ಸೆಟ್ಟನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿರಲಿ. ತೂಕಕ್ಕೆ ಹಾಕಿದರೆ ಬರೋದು ಪುಡಿಗಾಸು. ಕಲಿಯೋಕೆ ಬಂದವರ ಕೈಗೆ ಕೊಟ್ಟರೆ 1-3-4-2 ಯಾಕೆ ಅನ್ನೋದು ಹತ್ತು ನಿಮಿಷದಲ್ಲಿ ಅರ್ಥ ಆಗುತ್ತೆ.